ಕಲ್ಲಾಮೆಯ ಹತ್ತನೆಯ ಆಟ

ಮಾಮಾ,

ಕಲ್ಲಾಮೆಯ ಕಾರ್ಡು ಕೊನೆಗೂ ನಿಗಡಿಯ ಆಟದ ಕಾರ್ಡಿನ ಅಂಗಡಿಗೆ ಬಂದಿದೆ. ನಾವಿಬ್ಬರೂ ಚೀಟಿಯಲ್ಲಿ ಆಡಿ ನೋಡುತ್ತಿದ್ದ, ಕಾಳಗದ ಆಟದ ಅದೇ ಪ್ರಾಣಿ. ದಾಳಿ ಸೊನ್ನೆ, ತಾಳಿಕೆ ಎಂಟು. ಎಲ್ಲರೂ ಮುಗಿಬಿದ್ದು ಕೊಳ್ಳುತ್ತಿದ್ದಾರೆ. ನನಗೆ ಮಾತ್ರ ಅದರ ಚಿತ್ರ ನೋಡಿದರೇ ಸಿಟ್ಟು ಬರುತ್ತದೆ. ಆ ಸಿಟ್ಟು ನಿನ್ನ ಮೇಲಿನದು.

ನಿನ್ನ ಪದ್ಧತಿ ನೆನಪಿದೆಯಾ? ಹೊಸ ಕಾರ್ಡಿನ ಸುದ್ದಿ ಬಂದ ಕೂಡಲೇ ಹಳೆಯ ಲಗ್ನಪತ್ರಿಕೆ ಕತ್ತರಿಸಿ, ಹಿಂದೆ ಪ್ರಾಣಿಯ ಹೆಸರು, ಗುಣ ಬರೆದು, ರವಿವಾರಕ್ಕೊಮ್ಮೆ ಅಂಗಡಿಯ ಮೇಜಿಗೆ ಕೂತು ಹತ್ತು ಆಟ ಆಡುವುದು. ಆಟಕ್ಕೊಂದು ಗೀಟು. ಹತ್ತಾದ ಮೇಲೆ ಕೆಳಗೆ 'ಇರಲಿ' ಅಥವಾ 'ಬ್ಯಾಡ'. ಅಲ್ಲಿಯವರೆಗೆ ಕೊಳ್ಳುವಂತಿಲ್ಲ. ಖಡಕಿಯ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಮಾಲು ತಪಾಸಣೆ ಮಾಡಿದವನು ನೀನು, ಯಾರು ಹೊಗಳಿದರೂ ನಂಬುತ್ತಿರಲಿಲ್ಲ.

ಕಲ್ಲಾಮೆಯ ಸಲುವಾಗಿ ಜಗಳವನ್ನೇ ಆಡಿದೆವು. ಮುಂದೆ ನಿಲ್ಲಿಸಿದರೆ ಎದುರಾಳಿಯ ಏಟೆಲ್ಲ ಅದೇ ತಿನ್ನುತ್ತದೆ, ಹಿಂದೆ ನಾವು ಆರಾಮಾಗಿರಬಹುದು ಎಂದು ನನ್ನ ವಾದ. ನೀನು ತಲೆ ಅಲ್ಲಾಡಿಸಿದೆ. "ಅದೇ ಅದರ ಖೋಡಿ ಗುಣ ನೋಡವಾ. ಅದು ನಿಂತದ ಅಂತ ಹಿಂದಿನವರು ಏನೂ ತಯಾರಿ ಮಾಡ್ಕೊಳ್ಳೂದಿಲ್ಲ. ಅದು ಸತ್ತ ದಿನ ಎಲ್ಲಾ ಏಟೂ ಒಮ್ಮೆಲೇ ಒಳಗ ಬರ್ತಾವ."

ಒಂಬತ್ತನೆಯ ಆಟದಲ್ಲಿ ನೀನು ನಿನ್ನ ಸರದಿಯನ್ನೇ ಮರೆತೆ. ಒಂದು ಕೈ ಮೇಜಿನ ಕೆಳಗೆ ಹೊಟ್ಟೆ ಹಿಡಿದಿತ್ತು. "ಗ್ಯಾಸ್ ಆಗೇದ," ಅಂದೆ ನೀನು. ನಾನು ಏನಂದೆ ಗೊತ್ತಲ್ಲ? "ಲಕ್ಷ್ಯ ಇಲ್ಲಂದ್ರ ಮನ್ಯಾಗ ಕೂಡು ಮಾಮಾ, ನನ್ನ ರವಿವಾರ ಹಾಳು ಮಾಡಬ್ಯಾಡ." ನೀನು ಕಾರ್ಡು ಜೋಡಿಸಿಟ್ಟು ಎದ್ದು ಹೋದೆ. ಹದಿನೈದು ದಿನದಲ್ಲಿ ನೀನೇ ಇರಲಿಲ್ಲ.

ನಿನ್ನ ಕಾರ್ಡಿನ ಡಬ್ಬಿಯ ತಳದಲ್ಲಿ ಆಸ್ಪತ್ರೆಯ ಕಾಗದಗಳು ಸಿಕ್ಕವು. ಹೊಟ್ಟೆಯ ರೋಗ ವಾಸಿಯಾಗುವುದಿಲ್ಲವೆಂದು ಎಂಟು ತಿಂಗಳಿಂದ ನಿನಗೆ ಗೊತ್ತಿತ್ತು! ಆಮೆ ಬೇಡ ಅಂದವನು ನೀನೇ ಆಮೆಯಾಗಿ ನಿಂತೆಯಲ್ಲ, ಯಾರನ್ನು ಕೇಳಿ? ನನ್ನ ಬಾಯಿಂದ ಆ ಮಾತು ಆಡಿಸಿಕೊಂಡೇ ಹೋಗಬೇಕಿತ್ತಾ? ಒಂದು ಸಲ ಹೇಳಿದ್ದರೆ ನಾನು...

ಆಮೇಲೆ ನಾನು ಮಾಡಿದ್ದೂ ಅದೇ. ನಿನ್ನ ಅಕ್ಕ, ನನ್ನ ಅವ್ವ, ಬಂದವರ ಮುಂದೆಲ್ಲ "ನನ್ನ ತಮ್ಮ ಒಮ್ಮಿಂದೊಮ್ಮೆಲೆ ಹೋದ, ನರಳಲಿಲ್ಲ" ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಹಾಗೇ ಇರಲಿ ಎಂದು ಕಾಗದ ಬಚ್ಚಿಟ್ಟೆ.

ಈ ರವಿವಾರ ಅಂಗಡಿಯಲ್ಲಿ ಯಾರೋ ಹುಡುಗನ ಎದುರು ನಿನ್ನ ಚೀಟಿ ಇಟ್ಟುಕೊಂಡೇ ಹತ್ತನೆಯ ಆಟ ಆಡಿದೆ. ಆಮೆ ಆರು ಸರದಿ ನಿಂತಿತು. ಏಳನೆಯದರಲ್ಲಿ ಸತ್ತಿತು. ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ, ಸೋತೆ. ಗೀಟು ಎಳೆದು 'ಬ್ಯಾಡ' ಎಂದು ಬರೆದೆ. ಮನೆಗೆ ಬಂದು ಕಾಗದಗಳನ್ನು ಅವ್ವನ ಮುಂದಿಟ್ಟು ಎಲ್ಲ ಹೇಳಿದೆ.

ಅವಳು ಅಳಲಿಲ್ಲ. ಕಾಗದಗಳನ್ನು ಮಡಚಿ ಇಟ್ಟು, "ನಿನ್ನ ಕೂಡ ಆಡ್ಲಿಕ್ಕೆ ಬರ್ತಿದ್ದಾಗ ಅವಗ ನೋವಿತ್ತೇನು?" ಎಂದು ಕೇಳಿದಳು.

"ಇತ್ತವ್ವಾ," ಅಂದೆ. "ನಾ ಅವಗ ಬೈದೆ."