ಎಡಗಾಲಿಗೆ ಬಂದ ಅಪವಾದ

ಮಾರ್ಚ್ ೧೨, ಬುಧವಾರ

ಭಾವನ ಕಾರಿನ ಕ್ಲಚ್ ಪೆಡಲ್ ಇಂದೂ ನೆಲ ಕಚ್ಚಿತು. "ಯಾವಾಗ್ಲೂ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯ, ಪ್ಲೇಟ್ ಸವೆದಿದೆ. ಇನ್ನು ಕೀ ಮುಟ್ಬೇಡ" ಎಂದರು ಭಾವ.

ಪ್ಲೇಟ್ ಸವೆದಿದ್ದರೆ ಏರಿನಲ್ಲಿ ಎಂಜಿನ್ ಬರೀ ಅರಚುತ್ತದೆ, ಕಾರು ಎಳೆಯುವುದಿಲ್ಲ. ಇದು ಚೆನ್ನಾಗಿಯೇ ಎಳೆಯುತ್ತದೆ. ಗೇರ್ ಮಾತ್ರ ಬೀಳುವುದಿಲ್ಲ. ಪೆಡಲನ್ನು ನಾಲ್ಕಾರು ಸಲ ಒತ್ತಿ ಬಿಟ್ಟರೆ ಬೀಳುತ್ತದೆ. ಅಂದರೆ ಕ್ಲಚ್ಚಿನ ಎಣ್ಣೆ ಎಲ್ಲೋ ಸೋರುತ್ತಿದೆ. ಭಾವನ ಮುಂದೆಯೇ ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ, ಪೆಡಲಿನ ಬುಡಕ್ಕೆ ಕರವಸ್ತ್ರ ಒತ್ತಿದೆ. ಒದ್ದೆಯಾಯಿತು.

"ಇದೂ ನನ್ನ ಕಾಲಿಂದ ಸೋರಿದ್ದಾ ಭಾವ?"

ಅವರು ಮೂಸಿ ನೋಡಿ, "ಎಸಿ ನೀರಿರ್ಬೇಕು" ಎಂದರು!

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ. ಭಾವ ಕೀ ನೇತುಹಾಕುವ ಮೊಳೆಗೇ ಕರವಸ್ತ್ರ ಸಿಕ್ಕಿಸಿ ಬಂದಿದ್ದೇನೆ. ನೀರಾಗಿದ್ದರೆ ಬೆಳಗಾಗುವಷ್ಟರಲ್ಲಿ ಒಣಗಲಿ, ನೋಡೋಣ. ಒಣಗದಿದ್ದರೆ ಕೀ ನನ್ನದು.