ನಡುಹಗಲಲ್ಲಿ ಮನೆ ಬಿಟ್ಟವನು

ಬಿರುಗಾಲದ ಎಪ್ಪತ್ತೊಂದನೇ ದಿನ, ಇಸವಿ ಎರಡು ಸಾವಿರದ ಇನ್ನೂರ ಹದಿನಾರು
ಮುದಗಲ್ಲ ದಾರಿಯ ನೆರಳುಮನೆ, ಮಸ್ಕಿ

ನಮಗಿಂತ ಮೊದಲು ಬಾಳಿದವರೇ,

ಮೇಲಿನ ತಾರೀಖು ನಿಮಗೆ ವಿಚಿತ್ರವಾಗಿ ಕಾಣಬಹುದು. ನಿಮ್ಮ ಚೈತ್ರ ವೈಶಾಖಗಳನ್ನು ನಾವು ಯಾವಾಗಲೋ ಕೈಬಿಟ್ಟೆವು. ಹೂವು ಹೇಳಿದ ಹೊತ್ತಿಗೆ ಬಿಡದಿದ್ದ ಮೇಲೆ ಆ ಹೆಸರುಗಳನ್ನು ಇಟ್ಟುಕೊಂಡು ಏನು ಮಾಡುವುದು? ಈಗ ನಮ್ಮಲ್ಲಿ ಮೂರೇ ಕಾಲ: ಬಿರುಗಾಲ, ಮಂಜುಗಾಲ, ನೆರೆಗಾಲ. ಇದರಲ್ಲಿ ಬಿರುಗಾಲವೇ ಎಲ್ಲಕ್ಕಿಂತ ಉದ್ದ. ನನ್ನ ಮಾತಿನಲ್ಲಿ ಇಂಥ ಹೊಸ ಪದಗಳು ನುಸುಳಿದರೆ ಮನ್ನಿಸಿ, ಆದಷ್ಟು ಬಿಡಿಸಿ ಹೇಳುತ್ತೇನೆ. ಹಿಂದಿನವರಿಗೆ ಓಲೆ ಬರೆಯುವುದು ನಮ್ಮ ಕಡೆ ವಯಸ್ಸಾದವರ ವಾಡಿಕೆ. ಹಿರಿಯರಿಗೆ ಎಡೆ ಇಟ್ಟ ಹಾಗೆ, ಮುಟ್ಟುತ್ತದೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ನನ್ನ ಹೆಸರು ಹುಲಿಗೇಶ. ಮಂಜುಬಲೆ ಹೆಣೆಯುವುದು ನನ್ನ ಕಸುಬು. ಗುಡ್ಡದ ನೆತ್ತಿಯಲ್ಲಿ ಕಂಬ ನೆಟ್ಟು, ಬಲೆ ಕಟ್ಟಿ, ಬೆಳಗಿನ ಮಂಜನ್ನು ಹನಿ ಹನಿಯಾಗಿ ಕೊಡಕ್ಕಿಳಿಸುವ ಕೆಲಸ. ಈಗ ಕಣ್ಣು ಮಂದವಾಗಿದೆ, ಮೈ ದಣಿದಿದೆ. ಆದರೂ ಇದೊಂದನ್ನು ಬರೆಯಬೇಕು.

ನಮ್ಮ ದಿನ ಹೇಗಿರುತ್ತದೆ ಎಂದು ಮೊದಲು ತಿಳಿಸದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಸಂತೆ ನಸುಕಿಗೇ ಶುರುವಾಗಿ ಹೊತ್ತು ಏರುವ ಮೊದಲೇ ಕರಗುತ್ತದೆ. ಪರದೆ ಕಟ್ಟಿದ ಮಡಿಗಳಲ್ಲಿ ನವಣೆ, ಸಜ್ಜೆ ಬೆಳೆಯುತ್ತೇವೆ. ಬಯಲಲ್ಲಿ ಏನೂ ನಿಲ್ಲುವುದಿಲ್ಲ. ಸೂರ್ಯ ಮೇಲೇರಿದಂತೆ ಊರು ಬಾಗಿಲು ಹಾಕಿಕೊಂಡು, ಅಂಬಲಿ ಕುಡಿದು, ನೆಲಮಾಳಿಗೆಗೆ ಇಳಿದು ಮಲಗುತ್ತದೆ. ಇದನ್ನು ಮುಚ್ಚುಹೊತ್ತು ಎನ್ನುತ್ತೇವೆ. ಆಗ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಬೆಳಿಗ್ಗೆ ಸಂಜೆಯಾದರೂ ಊರ ಗಡಿ ದಾಟಬೇಕಾದರೆ ತಂಪಂಗಿ ಬೇಕು. ಅದು ಒಳಪದರದಲ್ಲಿ ನೀರು ಹರಿಯುವ ದಪ್ಪ ಅಂಗಿ. ದಾರಿಯಲ್ಲಿ ಬಿಸಿಲಿಗೆ ಸಿಕ್ಕಿಬಿದ್ದವರಿಗಾಗಿ ಅಲ್ಲಲ್ಲಿ ನೆರಳುಮನೆಗಳಿವೆ. ಬಂಡೆ ಕೊರೆದು ಮಾಡಿದ ಒಂದು ಪಡಸಾಲೆ, ನಾಲ್ಕಾರು ಗುಡಾಣ ನೀರು, ಕಾಯುವವನೊಬ್ಬ. ಅಲ್ಲಿಗೆ ಬಂದವರು ಯಾರೇ ಆಗಲಿ, ಬಿಸಿಲು ಇಳಿಯುವ ತನಕ ಹೊರಗೆ ಕಳಿಸುವಂತಿಲ್ಲ. ಕಳ್ಳನನ್ನೂ ಕೂಡ.

ಗಂಡು ಗಂಡನ್ನು ಮದುವೆಯಾಗುವುದು ನಮ್ಮ ಕಾಲದಲ್ಲಿ ಸುದ್ದಿಯೇ ಅಲ್ಲ. ನಿಮ್ಮಲ್ಲಿ ಇದಕ್ಕಾಗಿ ಜನ ಬೀದಿಯಲ್ಲಿ ನಿಂತರು, ಮನೆಯವರಿಂದ ದೂರಾದರು ಎಂದು ಓದಿದ್ದೇನೆ. ಅವರಿಗೆಲ್ಲ ನನ್ನ ಶರಣು. ನನ್ನ ಮದುವೆಯಲ್ಲಿ ಹೋಳಿಗೆ ಬೇಗ ಮುಗಿದವೆಂಬುದೊಂದೇ ತಕರಾರು. ನಾನು ಕೈಹಿಡಿದದ್ದು ಚಂದ್ರಮೌಳಿಯನ್ನು. ಊರಿಗೆ ನೀರು ಹಂಚುವ ಕಚೇರಿಯ ಯಜಮಾನ. ಮಾತು ಸಿಹಿ, ನಗು ಇನ್ನೂ ಸಿಹಿ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಯಲ್ಲಿ ಕಾಯಿಲೆ ಇದೆ ಎಂದು ನೆನಪಿಟ್ಟುಕೊಂಡು ಒಂದು ಕೊಡ ಹೆಚ್ಚು ಕಳಿಸುತ್ತಿದ್ದ. ಇಂಥವನು ಸಿಕ್ಕದ್ದು ನನ್ನ ಪುಣ್ಯವೆಂದು ಎಲ್ಲರೂ ಅಂದರು. ನಾನೂ ಅಂದುಕೊಂಡೆ.

ಮೊದಲ ಏಟು ಬಿದ್ದದ್ದು ಪಕ್ಕದ ಮನೆಯವನ ಮಾತಿಗೆ ನಾನು ನಕ್ಕೆನೆಂದು. ಆಮೇಲೆ ಅವನೇ ಅತ್ತ, ಕಾಲು ಹಿಡಿದ. ಸ್ವಲ್ಪ ದಿನಕ್ಕೆ ನನ್ನ ತಂಪಂಗಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಗುಡ್ಡ ಹತ್ತಬೇಕಾದಾಗ ಕೇಳಬೇಕು, ಯಾಕೆಂದು ಹೇಳಬೇಕು, ಯಾರು ಸಿಕ್ಕರೆಂದು ಬಂದು ಒಪ್ಪಿಸಬೇಕು. ಅವನ ಮುಖ ನೋಡಿ ಆ ದಿನದ ಹವೆ ಹೇಗಿದೆಯೆಂದು ತಿಳಿಯುವುದನ್ನು ಕಲಿತೆ. ಬಾಯಲ್ಲಿಟ್ಟ ತುತ್ತಿನ ಸದ್ದು ಕೂಡ ಆಗದ ಹಾಗೆ ಉಣ್ಣುವುದನ್ನು ಕಲಿತೆ. ನನ್ನ ಅಕ್ಕ ದುರುಗವ್ವನ ಮುಂದೆ ಒಮ್ಮೆ ಬಾಯಿಬಿಟ್ಟೆ. ಅವಳು ನನ್ನ ಮೇಲೆ ಪ್ರಾಣ ಇಟ್ಟುಕೊಂಡವಳೇ. ಆದರೂ ಅವಳು ಅಂದದ್ದು ಇಷ್ಟು:

"ಇಬ್ಬರೂ ಗಂಡಸರದೀರಿ. ಅಂವ ಒಂದು ಕೊಟ್ರ ನೀನೂ ಒಂದು ತಿರುಗಿ ಕೊಡು. ಇಷ್ಟಕ್ಕೆಲ್ಲಾ ಯಾರರ ಮನಿ ಬಿಡ್ತಾರನು?"

ಅವಳ ತಪ್ಪಲ್ಲ. ಗಂಡನ ಏಟಿನ ಕಥೆಯಲ್ಲಿ ಹೆಂಗಸಿನ ಮೈಯನ್ನಷ್ಟೇ ನೋಡಿ ರೂಢಿಯಾದವರು ನಾವೆಲ್ಲ. ನನ್ನ ತೋಳು ಅವನ ತೋಳಿಗಿಂತ ದಪ್ಪವಾಗಿತ್ತು. ಅದನ್ನು ಎತ್ತಲು ನನ್ನಿಂದ ಆಗುತ್ತಿರಲಿಲ್ಲ ಎಂಬುದನ್ನು ಯಾರಿಗೆ ಹೇಗೆ ತಿಳಿಸಲಿ?

ಒಂದು ದಿನ ಅವನು ನನ್ನ ಬಲಗೈಯ ಎರಡು ಬೆರಳು ಮುರಿದ. ಬಲೆ ಹೆಣೆಯುವ ಬೆರಳು. ಅಕ್ಕನ ಮನೆಗೆ ಹೇಳದೆ ಹೋಗಿದ್ದೆನೆಂಬ ಕಾರಣಕ್ಕೆ. ಮುರಿದವನೇ ಪಟ್ಟಿ ಕಟ್ಟಿದ, ತುತ್ತು ಮಾಡಿ ಬಾಯಿಗಿಟ್ಟ. ನೋಡಲು ಬಂದವರಿಗೆ ಬಾಗಿಲು ಬಡಿಯಿತೆಂದು ಹೇಳಿದ. ನಾನೂ ಹೌದೆಂದು ತಲೆಯಾಡಿಸಿದೆ. ಎಂಥಾ ಗಂಡ ನೋಡು, ಕೂಸಿನ ಹಾಂಗ ಉಣಸ್ತಾನ, ಎಂದು ಬಂದವರು ಮೆಚ್ಚಿಕೊಂಡು ಹೋದರು. ಆ ತಲೆಯಾಡಿಸಿದ್ದು ನನ್ನನ್ನು ಹೆದರಿಸಿತು. ಇನ್ನು ಸ್ವಲ್ಪ ದಿನ ಇದ್ದರೆ ಬಾಗಿಲೇ ಬಡಿಯಿತೆಂದು ನಾನೇ ನಂಬುತ್ತೇನೆ ಅನ್ನಿಸಿತು.

ಬೆಳಿಗ್ಗೆ ಹೊರಟರೆ ಸಂತೆಯವರು ಕಂಡು ಅವನಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಸಂಜೆ ಅವನು ಮನೆ ಮುಂದಿನ ಕಟ್ಟೆಯಲ್ಲೇ ಕೂತಿರುತ್ತಿದ್ದ. ಉಳಿದದ್ದು ಮುಚ್ಚುಹೊತ್ತು ಒಂದೇ. ಅವನು ನಿದ್ದೆ ಹೋದ ಮೇಲೆ ನನ್ನ ಅವ್ವ ಹೊಲಿದ ಕೌದಿಯನ್ನು ಗುಡಾಣದಲ್ಲಿ ಅದ್ದಿ, ತಲೆಯಿಂದ ಹೊದ್ದುಕೊಂಡು ಬಾಗಿಲು ತೆರೆದೆ. ಮುದಗಲ್ಲ ದಾರಿಯಲ್ಲಿ ಒಂದು ನೆರಳುಮನೆ ಇದೆಯೆಂದು ಗೊತ್ತಿತ್ತು, ಎಷ್ಟು ದೂರವೆಂದು ಗೊತ್ತಿರಲಿಲ್ಲ. ಊರ ಗಡಿ ದಾಟುವ ಮೊದಲೇ ಕೌದಿ ಒಣಗಿತು. ಬಂಡೆಗಳು ಹೆಂಚಿನ ಹಾಗೆ ಕಾದಿದ್ದವು, ಕಣ್ಣಿಗೆ ಎಲ್ಲವೂ ಬೆಳ್ಳಗೆ ಕಾಣುತ್ತಿತ್ತು. ಹಿಂತಿರುಗಿ ಹೋಗೋಣವೆಂದು ಎಷ್ಟು ಸಲ ಅನ್ನಿಸಿತೋ. ಹೋದರೆ ಅವನು ಬಯ್ಯುವುದಿಲ್ಲ, ಅಪ್ಪಿಕೊಂಡು ಅಳುತ್ತಾನೆ ಎಂಬುದು ನೆನಪಾಗಿ ಮುಂದೆ ನಡೆದೆ.

ನೆರಳುಮನೆಯ ಬಾಗಿಲಲ್ಲಿ ಬಿದ್ದ ನನ್ನನ್ನು ಒಳಗೆ ಎಳೆದುಕೊಂಡವನು ಹುಸೇನಪ್ಪ. ಅಲ್ಲಿಯ ಕಾವಲುಗಾರ. ಸಣಕಲು ಆಳು, ಒಂದು ಕಾಲು ಎಳೆದು ನಡೆಯುವವನು. ಒದ್ದೆ ಬಟ್ಟೆ ಹಿಡಿದು ನನ್ನ ಪಕ್ಕ ಕೂತ.

"ಹಣಿ ಮ್ಯಾಲೆ ಹಾಕ್ತೀನಿ. ಮುಟ್ಲೇನು?"

ನನ್ನ ಮೈಯನ್ನು ಮುಟ್ಟಲು ಯಾರಾದರೂ ಅಪ್ಪಣೆ ಕೇಳಿ ವರ್ಷಗಳೇ ಆಗಿದ್ದವು. ಹೂಂ ಅನ್ನಲು ಹೋಗಿ ಅಳು ಬಂತು. ಅವನು ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, "ನೀನ ಹಾಕ್ಕೋ ಹಂಗಾರ. ನೀರು ಗುಟುಕು ಗುಟುಕು ಕುಡಿ" ಎಂದು ಆಚೆ ಹೋದ. ಕಟ್ಟಿದ್ದ ಬೆರಳುಗಳನ್ನು ನೋಡಿದ. ಏನೂ ಕೇಳಲಿಲ್ಲ.

ಸ್ವಲ್ಪ ದಿನದಲ್ಲಿ ಚಂದ್ರಮೌಳಿ ಬಂದ. ಅವನೂ ಮುಚ್ಚುಹೊತ್ತಿನಲ್ಲೇ ಬಂದ, ತಂಪಂಗಿ ತೊಟ್ಟು, ನನ್ನದನ್ನು ಕೈಯಲ್ಲಿ ಹಿಡಿದು. ನೆರಳುಮನೆಯ ಕಟ್ಟಳೆ ನಿಮಗೆ ಹೇಳಿದ್ದೇನೆ. ಹುಸೇನಪ್ಪ ಅವನನ್ನು ಹೊರಗೆ ನಿಲ್ಲಿಸುವಂತಿರಲಿಲ್ಲ. ಆ ಇಡೀ ಮಧ್ಯಾಹ್ನ ನಾವು ಮೂವರು ಅದೇ ಪಡಸಾಲೆಯಲ್ಲಿ ಕೂತಿದ್ದೆವು. "ಕುಂದರ್ರಿ ಸರ" ಎಂದು ಹುಸೇನಪ್ಪ ಚಾಪೆ ಹಾಸಿದ, ನೀರು ಕೊಟ್ಟ, ಆಮೇಲೆ ನಮ್ಮಿಬ್ಬರ ನಡುವೆ ಬಂದು ಕೂತು ಸಜ್ಜೆ ಕೇರತೊಡಗಿದ.

ಚಂದ್ರಮೌಳಿ ಸಿಹಿಯಾಗಿಯೇ ಶುರು ಮಾಡಿದ. "ಹುಲಿಗೇಶಾ, ನೀ ಇಲ್ಲದ ಮನಿ ಮನಿಯಂಗಿಲ್ಲ. ತಂಪಂಗಿ ತಂದೀನಿ, ತೊಟ್ಟುಕೋ. ಹೊತ್ತಿಳದ ಮ್ಯಾಲೆ ಹೋಗೂಣು." ನಾನು ಅಂಗಿಯನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ದನಿ ಬದಲಾಯಿತು. "ಊರ ಮುಂದ ನನ್ನ ಮಾನ ತಗದಿ. ನಿನ್ನ ಯಾರು ಇಟ್ಕೋತಾರ? ಈ ಕುಂಟನಾ?"

ಹುಸೇನಪ್ಪ ಮೊರದಿಂದ ಕಣ್ಣೆತ್ತಲಿಲ್ಲ. "ಸರ, ಇಲ್ಲಿ ನೆಳ್ಳು ಎಲ್ಲಾರಿಗೂ ಐತಿ. ನಿಮಗೂ ಐತಿ. ದನಿ ಮಾತ್ರ ಸಣ್ಣದಿರಲಿ."

"ನಾ ಬರಂಗಿಲ್ಲ" ಅಂದೆ. ನನ್ನ ಗಂಟಲಿಂದ ಹೊರಟದ್ದು ದನಿಯೆನ್ನುವ ಹಾಗೂ ಇರಲಿಲ್ಲ. ಅವನಿಗೆ ಕೇಳಿಸಿತು. ಎದ್ದು ನಿಂತ. ಹುಸೇನಪ್ಪನೂ ಮೊರ ಕೆಳಗಿಟ್ಟ. ಆದರೆ ಚಂದ್ರಮೌಳಿ ಹೊಡೆಯಲಿಲ್ಲ. ಹೊರಗಿನವರ ಮುಂದೆ ಅವನು ಯಾವತ್ತೂ ಕೈ ಎತ್ತಿದವನಲ್ಲ. ಮತ್ತೆ ಕೂತ, ಗೋಡೆಯ ಕಡೆ ಮುಖ ಮಾಡಿದ, ಬಿಸಿಲು ಇಳಿದಾಗ ಎರಡೂ ತಂಪಂಗಿ ಹೊತ್ತು ಹೋದ. ಅವನ ಬೆನ್ನು ಮರೆಯಾಗುವ ತನಕ ನನಗೆ ಗೆದ್ದೆ ಅನ್ನಿಸಲಿಲ್ಲ. ಮರೆಯಾದ ಮೇಲೂ ಅನ್ನಿಸಲಿಲ್ಲ. ಮಲಗಬೇಕು ಅನ್ನಿಸಿತು.

ಹುಸೇನಪ್ಪನ ತಂಪಂಗಿ ತೊಟ್ಟು ಊರಿಗೆ ಹೋಗಿ, ಮದುವೆಯಿಂದ ಬಿಡುಗಡೆ ಕೇಳಿ ಹಿರಿಯರ ಕಟ್ಟೆ ಹತ್ತಿದೆ. ಗಂಡಸು ಗಂಡಸಿಗೆ ಹೊಡೆದರೆ ಅದು ಜಗಳ, ಹಿಂಸೆ ಹೇಗಾಗುತ್ತದೆ ಎಂದು ಅವರು ಕೇಳಿದರು. ಎರಡು ನೆರೆಗಾಲ ಹೀಗೇ ಎಳೆದರು. ಕೊನೆಗೆ ನನ್ನ ಪರವಾಗಿ ಎದ್ದವಳು ದುರುಗವ್ವ. "ನಾನೂ ನಿಮ್ಮಂಗ ಅಂದಿದ್ದೆ. ಅಂವನ ಬೆರಳು ನೋಡ್ರಿ, ಆಮ್ಯಾಲೆ ಮಾತಾಡ್ರಿ" ಎಂದು ನನ್ನ ಕೈ ಹಿಡಿದು ಎಲ್ಲರ ಮುಂದೆ ಎತ್ತಿದಳು. ಬೆರಳುಗಳು ಸೊಟ್ಟಗೆ ಕೂಡಿಕೊಂಡಿದ್ದವು. ಬಿಡುಗಡೆ ಸಿಕ್ಕಿತು.

ಹೋಗಲು ಬೇರೆ ಕಡೆ ಇರಲಿಲ್ಲವೆಂದಲ್ಲ, ಅಕ್ಕ ಕರೆದಳು. ನಾನು ನೆರಳುಮನೆಯಲ್ಲೇ ಉಳಿದೆ, ಗುಡ್ಡದ ಮೇಲೆ ಬಲೆ ಕಟ್ಟಿದೆ. ಹಳೆಯ ಅಭ್ಯಾಸ ಮಾತ್ರ ಬಿಡಲಿಲ್ಲ. ಗುಡ್ಡಕ್ಕೆ ಹೋಗಲೇ, ಸಂತೆಗೆ ಹೋಗಲೇ ಎಂದು ಹುಸೇನಪ್ಪನನ್ನು ಕೇಳುತ್ತಲೇ ಇದ್ದೆ. ಒಂದು ದಿನ ಅವನಿಗೆ ರೇಗಿತು. "ನನ್ನ ಯಾಕ ಕೇಳ್ತಿ? ಹೋಗಬೇಕಂದ್ರ ಬಿಸಿಲನ್ನ ಕೇಳು!" ದನಿ ಏರಿದ್ದೇ ತಡ, ನಾನು ಗುಡಾಣಗಳ ಹಿಂದೆ ಹೋಗಿ ಮುದುಡಿಕೊಂಡೆ. ಅವನು ಹತ್ತಿರ ಬರಲಿಲ್ಲ. ಹೊಸ್ತಿಲ ಮೇಲೆ ಕೂತು, ಎಳೆಯನಿದ್ದಾಗ ತಾನು ಕದ್ದ ಮೇಕೆಯೊಂದು ತನ್ನನ್ನೇ ಊರ ಕಟ್ಟೆಗೆ ಎಳೆದುಕೊಂಡು ಹೋದ ಕಥೆಯನ್ನು ಗಾಳಿಗೆ ಹೇಳುವವನ ಹಾಗೆ ಹೇಳಿದ. ಬಲು ಉದ್ದದ ಕಥೆ. ಅರ್ಧಕ್ಕೆ ನನಗೆ ನಗು ಬಂತು, ಎದ್ದು ಹೊರಬಂದೆ.

ಪ್ರೀತಿ ಎಂದರೆ ಏನೋ ಭಾರಿ ಸಂಗತಿ ನಡೆಯಬೇಕೆಂದು ನೀವು ಕಾಯುತ್ತಿರಬಹುದು. ಮಂಜುಗಾಲದ ಒಂದು ಬೆಳಿಗ್ಗೆ ಅವನು ಕಂಬ ಹಿಡಿದಿದ್ದ, ನಾನು ಬಲೆ ಕಟ್ಟುತ್ತಿದ್ದೆ. ಕಟ್ಟಿ ಮುಗಿಯಿತು. ಅವನ ಕೈ ಕಂಬದ ಮೇಲೇ ಇತ್ತು. ನಾನು ಹಿಡಿದುಕೊಂಡೆ.

"ಇದೇನು?" ಅಂದ.

"ಕೈ."

"ಅದು ಗೊತ್ತಾತು ಬಿಡು" ಎಂದು ಕೆಳಗಿನ ಊರು ನೋಡುತ್ತ ನಿಂತ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ. ಅವನ ಕಿವಿ ಕೆಂಪಾಗಿತ್ತು. ನಮ್ಮಿಬ್ಬರಿಗೂ ಆಗ ತಲೆ ನೆರೆಯತೊಡಗಿತ್ತು. ಮದುವೆಯೆಂದು ಊಟ ಹಾಕಿಸಲಿಲ್ಲ. ದುರುಗವ್ವ ಬಂದು ಇಬ್ಬರಿಗೂ ಹೊಸ ಪಂಚೆ ಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದು, "ಖರೇ ಹೇಳು, ಅಂಜಿಕಿ ಐತೇನು?" ಎಂದು ಕೇಳಿದಳು. ಇಲ್ಲವೆಂದೆ. ಅದು ಪೂರ್ತಿ ನಿಜವಾಗಲು ಇನ್ನೂ ಕೆಲವು ವರ್ಷ ಹಿಡಿದವು.

ಈ ಬಿರುಗಾಲದಲ್ಲಿ ಚಂದ್ರಮೌಳಿ ತೀರಿಕೊಂಡನೆಂದು ಊರಿನಿಂದ ಸುದ್ದಿ ಬಂತು. ಮಣ್ಣಿಗೆ ಬಾ, ಸತ್ತವನ ಮೇಲೆ ಎಂಥಾ ಸಿಟ್ಟು, ಕ್ಷಮಿಸಿಬಿಡು ಎಂದರು. ನಾನು ಹೋಗಲಿಲ್ಲ. ಸಿಟ್ಟಿನಿಂದಲ್ಲ. ಆ ಮನೆಯ ದಾರಿ ಹಿಡಿಯುವಷ್ಟು ಶಕ್ತಿ ಈ ಕಾಲುಗಳಲ್ಲಿ ಉಳಿದಿರಲಿಲ್ಲ. ಆ ದಿನ ನಾನು ಅತ್ತದ್ದೂ ಉಂಟು. ಅವನಿಗಾಗಿಯೋ, ಅವನನ್ನು ನಂಬಿ ಹೋಳಿಗೆ ಬಡಿಸಿದ ಆ ಎಳೆಯ ಹುಲಿಗೇಶನಿಗಾಗಿಯೋ ತಿಳಿಯದು. ಹುಸೇನಪ್ಪ ಕಾರಣ ಕೇಳದೆ ಹಾಸಿಗೆ ಬಿಡಿಸಿಕೊಟ್ಟ.

ಅದಕ್ಕೇ ಈ ಓಲೆ. ನೀವು ಬೇಡಿದ ಕಾನೂನುಗಳೆಲ್ಲ ಒಂದು ದಿನ ಬಂದವು, ನಾವು ಅವುಗಳ ನೆರಳಲ್ಲೇ ಬದುಕಿದವರು. ಆದರೆ ಮದುವೆ ಮಾಡಿಕೊಟ್ಟ ಕಾನೂನು ಮನೆಯೊಳಗೆ ಬಂದು ಕೂರುವುದಿಲ್ಲ. ನಿಮ್ಮಲ್ಲೂ ಯಾವನೋ ಒಬ್ಬ ಇರುತ್ತಾನೆ, ತನ್ನವನಿಂದಲೇ ಪೆಟ್ಟು ತಿಂದು, ಗಂಡಸಾಗಿ ಹೇಳಿಕೊಳ್ಳುವುದು ಹೇಗೆಂದು ಬಾಯಿ ಮುಚ್ಚಿಕೊಂಡವನು. ಅವನು ನಿಮ್ಮ ಬಾಗಿಲಿಗೆ ಬಂದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಬೇಡಿ. ಒಳಗೆ ಕರೆಯಿರಿ. ಮಲಗಲು ಜಾಗ ತೋರಿಸಿ. ಕ್ಷಮೆಯ ಮಾತು ನೀವು ಎತ್ತಬೇಡಿ, ಅದು ಅವನಿಗೆ ಬಿಟ್ಟದ್ದು.

ಹೊತ್ತು ಇಳಿಯುತ್ತಿದೆ. ಹುಸೇನಪ್ಪ ಊಟಕ್ಕೆ ಕೂಗುತ್ತಿದ್ದಾನೆ. ಇವತ್ತು ಸಾರು ಅವನದು, ಉಪ್ಪು ಹೆಚ್ಚಾಗಿರುತ್ತದೆ. ಹೆಚ್ಚಾಗಿದೆ ಎಂದು ನಾನು ಹೇಳುತ್ತೇನೆ. ಅವನು ನನ್ನ ನಾಲಿಗೆ ಕೆಟ್ಟಿದೆ ಎಂದು ಕೂಗಾಡುತ್ತಾನೆ, ನಾನೂ ಅಷ್ಟೇ ಜೋರಾಗಿ ಕೂಗಾಡುತ್ತೇನೆ. ಆಮೇಲೆ ಇಬ್ಬರೂ ಅದನ್ನೇ ಉಂಡು ಮಲಗುತ್ತೇವೆ.

ನಿಮ್ಮವನು,
ಹುಲಿಗೇಶ