ಮೂಲಂಗಿ ಎಲೆಯ ಕಂಬ

ತೇವಾರಂ, ಮಂಗಳವಾರ

ಅಪ್ಪಾ,

ಇಲ್ಲಿ ಹಳೆಯ ಮನೆಯೊಂದರ ಗಾರೆ ಕಂಬಗಳನ್ನು ಸರಿಪಡಿಸುತ್ತಿದ್ದೆ. ಇಂಥ ಕಂಬದ ತಲೆಗೆ ಅಕಾಂಥಸ್ ಎಂಬ ಪರದೇಶದ ಗಿಡದ ಎಲೆ ಇರಬೇಕೆಂದು ನೀನೇ ಕಲಿಸಿದ್ದೆಯಲ್ಲ? ಇಲ್ಲಿನ ಎಲೆಗಳು ಬೇರೆ ಥರ ಇದ್ದವು. ತಪ್ಪೆಂದುಕೊಂಡು ಒಂದನ್ನು ಕೆತ್ತಿ ತೆಗೆಯಲು ಉಳಿ ಎತ್ತಿದೆ. ಮನೆಯ ಅಜ್ಜಿ ಪೊನ್ನುತಾಯಿ ಓಡಿಬಂದು ನನ್ನ ಏಣಿ ಹಿಡಿದುಕೊಂಡರು. ತಮಿಳುನಾಡಿನಲ್ಲಿದ್ದರೂ ಇವರ ಮನೆಮಾತು ಕನ್ನಡವೇ; ಮುದ್ದಿಗೆ ಮಾತ್ರ ತಮಿಳರ ಹಾಗೆ ನನ್ನನ್ನು ‘ಕಣ್ಣು’ ಎಂದು ಕರೆಯುತ್ತಾರೆ.

“ಒಡೀಬ್ಯಾಡ ಕಣ್ಣು! ಅದು ನಮ್ಮಪ್ಪ ಮಾಡಿದ್ದು. ಆ ಸೀಮೆ ಎಲೆ ಅವ್ರು ಎಲ್ಲಿ ಕಂಡಿದ್ರು? ತೋಟದಾಗಿನ ಮುಳ್ಳಂಗಿ ಎಲೆ ನೋಡಿ ಮಾಡುದ್ರು.”

ಹತ್ತಿರದಿಂದ ನೋಡಿದರೆ ನಿಜವಾಗಿಯೂ ಮೂಲಂಗಿ ಸೊಪ್ಪು, ಒಂದೊಂದು ನರವೂ ಹಾಗೇ ಇದೆ! ನನಗೆ ನಾಚಿಕೆಯಾಯಿತು. ಉದುರಿಹೋಗಿದ್ದ ಎರಡು ಎಲೆಗಳ ಜಾಗಕ್ಕೂ ಮೂಲಂಗಿ ಎಲೆಗಳನ್ನೇ ಮಾಡಿದೆ. ಸುಣ್ಣಕ್ಕೆ ಬೆರಳು ಒಡೆದಿವೆ, ಗಾಬರಿಯಾಗಬೇಡ, ಅಜ್ಜಿಯೇ ದಿನಾ ಹರಳೆಣ್ಣೆ ಹಚ್ಚುತ್ತಾರೆ.

ಇವತ್ತು ಕೆಲಸ ಮುಗಿಯಿತು. ಅಜ್ಜಿ ಕಂಬದ ಕೆಳಗೆ ನಿಂತು ಬಹಳ ಹೊತ್ತು ಕತ್ತೆತ್ತಿ ನೋಡಿದರು. “ಅಪ್ಪಂದು ಯಾವ್ದು, ನಿಂದು ಯಾವ್ದು, ನಂಗೇ ತಿಳೀಲಿಲ್ಲ ಕಣ್ಣು” ಎಂದರು. ನೀನು ಮೆಚ್ಚಿದಾಗಲೂ ನನಗೆ ಇಷ್ಟು ಹಿಗ್ಗಾಗಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಮಗಳು,
ಸುಮಿತ್ರೆ